ಯೂದಾಸನ ಚೀಲ

ಚರ್ಚಿನ ಪಾಲನಾ ಸಮಿತಿಯ ಸಭೆ ನಡೆಯುತ್ತಿರುವಾಗ ಚಟ್ನಿಗೆಂದು ಎದ್ದು ಹೋಗಬಾರದು ಎಂಬುದನ್ನು ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಕಲಿತೆ. ಉದ್ದಿನವಡೆ ಬಂದಿತ್ತು, ಚಟ್ನಿ ಮುಗಿದಿತ್ತು, ಹಿಂದಿನ ಕೋಣೆಯಲ್ಲಿ ಇನ್ನೊಂದು ಪಾತ್ರೆ ಇದೆಯೆಂದು ಯಾರೋ ಹೇಳಿದರು. ತಟ್ಟೆ ಹಿಡಿದು ಹೋಗಿ, ಹಾಕಿಸಿಕೊಂಡು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಚಟ್ನಿ ಸಿಕ್ಕಿದ್ದಕ್ಕೆ ಇವರಿಗೆ ಇಷ್ಟು ಸಂತೋಷವೇ ಎಂದುಕೊಂಡು ನಾನೂ ನಕ್ಕೆ. ನಕ್ಕಿದ್ದನ್ನು ಒಪ್ಪಿಗೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಹೀಗೆ ನಾನು ಯಾತ್ರಾ ಸಹಾಯ ನಿಧಿಯ ಖಜಾಂಚಿಯಾದೆ.

ಮನೆಗೆ ಬಂದು ಹೇಳಿದೆ. ನನ್ನವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, “ಹನ್ನೆರಡು ಜನ ಶಿಷ್ಯರಲ್ಲಿ ದುಡ್ಡಿನ ಚೀಲ ಯಾರ ಹತ್ರ ಇತ್ತು, ನೆನಪಿದೆಯಾ?” ಎಂದಳು.

ನೆನಪಿಲ್ಲದೆ ಏನು? ಯೊವಾನ್ನನ ಸುವಾರ್ತೆಯಲ್ಲಿ ಬರೆದೇ ಇದೆ: ಚೀಲ ಇದ್ದದ್ದು ಯೂದಾಸನ ಹತ್ತಿರ, ಅವನು ಅದರಿಂದ ಆಗಾಗ ಕದಿಯುತ್ತಲೂ ಇದ್ದ. ನನಗೆ ಮೊದಲಿನಿಂದಲೂ ಅರ್ಥವಾಗದ ವಿಷಯವೆಂದರೆ, ಸುಂಕದ ಕಟ್ಟೆಯಲ್ಲಿ ಕೂತು ಲೆಕ್ಕ ಬರೆದು ಪಳಗಿದ್ದ ಮತ್ತಾಯ ಅಲ್ಲೇ ಪಕ್ಕದಲ್ಲಿದ್ದ. ಅಷ್ಟು ಮಂದಿಯಲ್ಲಿ ಕೂಡಿ ಕಳೆಯುವುದು ಕಸುಬಾಗಿದ್ದವನು ಅವನೊಬ್ಬನೇ. ಆದರೂ ಚೀಲ ಅವನಿಗೆ ಹೋಗಲಿಲ್ಲ. ಮತ್ತಾಯ ಅನುಭವಸ್ಥ, ಸಭೆ ಮುಗಿಯುವವರೆಗೂ ಕೂತಲ್ಲಿಂದ ಏಳದೆ ಇದ್ದಿರಬೇಕು. ಯೂದಾಸ ಚಟ್ನಿಗೆ ಹೋಗಿದ್ದ.

ನಿಧಿಯ ವಿಷಯ ಸ್ವಲ್ಪ ಹೇಳಬೇಕು. ಬೆಂಗಳೂರು ನುಂಗಿ ಹಾಕುವುದಕ್ಕೆ ಮೊದಲು ನಮ್ಮದು ಹಳ್ಳಿ. ರಾಗಿ ಹೊಲ, ದ್ರಾಕ್ಷಿ ತೋಟ, ಮಧ್ಯೆ ಚರ್ಚು. ಈಗ ಹೊಲದಲ್ಲಿ ಅಪಾರ್ಟ್‌ಮೆಂಟು ಬೆಳೆದಿದೆ. ಆದರೂ ವರ್ಷಕ್ಕೊಮ್ಮೆ ಸುಗ್ಗಿ ಪೂಜೆಯ ದಿನ ಫಲವಸ್ತುಗಳ ಹರಾಜು ಮಾತ್ರ ಬಿಟ್ಟಿಲ್ಲ. ಬೆಳೆಯುವವರು ಇಲ್ಲದ್ದರಿಂದ ಕುಂಬಳಕಾಯಿಯನ್ನು ಮಾರ್ಕೆಟ್ಟಿನಿಂದ ಅರವತ್ತು ರೂಪಾಯಿಗೆ ತಂದು ಪೀಠದ ಮುಂದೆ ಇಡುತ್ತಾರೆ. ಅದೇ ಕುಂಬಳಕಾಯಿ ಆಚೆ ಅಂಗಳದಲ್ಲಿ ಸಾವಿರದ ನೂರಕ್ಕೆ ಕೂಗಿಸಿಕೊಳ್ಳುತ್ತದೆ. ಕೂಗಿದವರು ಜಂಬಕ್ಕೆ ಅದನ್ನು ಮತ್ತೆ ಚರ್ಚಿಗೇ ಕೊಡುತ್ತಾರೆ. ಇನ್ನೊಮ್ಮೆ ಹರಾಜು. ಒಂದು ವರ್ಷ ಒಂದೇ ಕಾಯಿ ನಾಲ್ಕು ಸಲ ಮಾರಾಟವಾಗಿ ಕೊನೆಗೆ ಫಾದರ್ ಮನೆಯಲ್ಲಿ ಹುಳಿಯಾಯಿತು. ಈ ದುಡ್ಡಿಗೆ ವರ್ಷವಿಡೀ ಬಂದ ಒಂದಷ್ಟು ಕಾಣಿಕೆ ಸೇರಿದರೆ ನಮ್ಮ ನಿಧಿ. ಕೈ ಸಾಗದ ಕುಟುಂಬಗಳನ್ನು ವೇಳಾಂಗಣಿ ಹಬ್ಬಕ್ಕೆ ಕರೆದುಕೊಂಡು ಹೋಗುವುದು ಇದರ ಉದ್ದೇಶ.

ವೇಳಾಂಗಣಿ ಎಂದರೆ ಗೊತ್ತಲ್ಲ, ನಾಗಪಟ್ಟಣದಿಂದ ಒಂದು ಹತ್ತು ಹನ್ನೆರಡು ಕಿಲೋಮೀಟರ್, ಕಡಲ ದಂಡೆ. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಮಾತೆಯ ಹುಟ್ಟುಹಬ್ಬ. ಅಲ್ಲಿಯ ಐತಿಹ್ಯದಲ್ಲಿ ಬರುವವರೆಲ್ಲ ನಮ್ಮ ನಿಧಿಯ ಅರ್ಹ ಫಲಾನುಭವಿಗಳೇ. ಮಗುವಿಗೆ ಹಾಲು ಕೇಳಿದ ತಾಯಿಗೆ ಧಣಿಯ ಮನೆಯ ಹಾಲು ಕೊಟ್ಟುಬಿಟ್ಟ ಕುರುಬರ ಹುಡುಗ, ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗ, ಬಿರುಗಾಳಿಗೆ ಸಿಕ್ಕಿ ಬದುಕಿ ಬಂದು ಗುಡಿ ಕಟ್ಟಿಸಿದ ಪೋರ್ಚುಗೀಸ್ ನಾವಿಕರು. 1962ರಲ್ಲಿ ಪೋಪರು ಅದಕ್ಕೆ ಬೆಸಿಲಿಕಾ ಪದವಿ ಕೊಟ್ಟರು. ಜನ ಅದಕ್ಕೆ ಎಷ್ಟೋ ಮೊದಲೇ ಪದವಿ ಕೊಟ್ಟಾಗಿತ್ತು. ಕಾವಿ ಉಟ್ಟು ಬರಿಗಾಲಲ್ಲಿ ನಡೆದು ಹೋಗುವವರು, ಮುಡಿ ಕೊಡುವವರು, ಮರಳಿನ ಮೇಲೆ ಮಂಡಿಯೂರಿ ಸಾಗುವವರು, ತೆಂಗಿನ ಸಸಿ ಒಪ್ಪಿಸುವವರು. ಇವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಮುಡಿ ತೆಗೆಯುವಾತ ಧರ್ಮ ಕೇಳುವುದಿಲ್ಲ, ಟೋಕನ್ ಕೇಳುತ್ತಾನೆ.

ಅಂಚೆ ಕಚೇರಿಯ ಉಳಿತಾಯ ಖಾತೆ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕೂತವನು ನಾನು. ನಮೂನೆ ಇಲ್ಲದೆ ನನಗೆ ಕೈಕಾಲು ಆಡುವುದಿಲ್ಲ. ಆದ್ದರಿಂದ ಮೊದಲ ಕೆಲಸವಾಗಿ ಒಂದು ಅರ್ಜಿ ಫಾರಂ ಮಾಡಿದೆ. ಹೆಸರು, ಕುಟುಂಬ ಕಾರ್ಡಿನ ಸಂಖ್ಯೆ, ತಿಂಗಳ ಆದಾಯ, ಸಹಾಯ ಕೋರಲು ಕಾರಣ. ಈ ಕೊನೆಯ ಅಂಕಣಕ್ಕೆ ಎರಡು ಗೆರೆ ಬಿಟ್ಟಿದ್ದೆ. ಜನ ಹಿಂಬದಿಯನ್ನೂ ತುಂಬಿ, ಸಾಲದೆ ಹಾಳೆ ಅಂಟಿಸಿ ಕೊಟ್ಟರು.

ಒಬ್ಬ ಸೊಸೆ ಬಂದು ಮೆಲ್ಲಗೆ ಹೇಳಿದಳು: “ಅಂಕಲ್, ನಮ್ಮತ್ತೇನ ಒಂಬತ್ತು ದಿನದ ನೊವೇನಕ್ಕೂ ಅಲ್ಲೇ ಇರೋ ಹಾಗೆ ಮಾಡಿ. ಪಾಪ, ಭಕ್ತಿ ಜಾಸ್ತಿ. ನಾನು ಹೇಳಿದೆ ಅಂತ ಮಾತ್ರ ಗೊತ್ತಾಗಬಾರದು.” ಮೂರನೆಯ ದಿನ ಆ ಅತ್ತೆಯೇ ಬಂದರು. “ನಮ್ಮ ಸೊಸೆ ಮಾತೇನ ನೋಡ್ಬೇಕು ಅಂತ ಹಂಬಲಿಸ್ತಾಳೆ. ಹತ್ತು ದಿನ ಇದ್ದು ಬರಲಿ. ನನ್ನ ಹೆಸರು ಎತ್ತಬೇಡಪ್ಪ.” ಎರಡೂ ಅರ್ಜಿಗಳನ್ನು ಮಂಜೂರು ಮಾಡಿ ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸುವ ದುರ್ಬುದ್ಧಿ ಬಂದಿತ್ತು. ಅದರಿಂದ ಮನೆಯಲ್ಲಿ ಉಳಿಯುವ ಗಂಡನೊಬ್ಬನಿಗೆ ಮಾತ್ರ ಹಬ್ಬವಾಗುತ್ತಿತ್ತು.

ಇನ್ನೊಬ್ಬ ತರುಣ ಬುಲೆಟ್ ಬೈಕಿನಲ್ಲಿ ಡಬ್‌ಡಬ್ ಎಂದು ಬಂದು, ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೈ ಮುಗಿದು, ಹೆಂಡತಿ ಮಗುವಿಗೆ ಸಹಾಯ ಬೇಕೆಂದ. ನಾನು ಕೌಂಟರಿನ ಮುಖ ಹಾಕಿಕೊಂಡೆ. “ಗಾಡಿಗೆ ಪೆಟ್ರೋಲು ನಿಧಿಯಿಂದ ಹಾಕಿಸ್ಬೇಕೋ ಹೇಗೆ?” ಎಂದುಬಿಟ್ಟೆ. ಅವನು ಅರ್ಜಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋದ. ಎರಡು ವಾರದ ಮೇಲೆ ನನ್ನ ಸ್ಕೂಟರು ರಿಪೇರಿಗೆ ಬಿಡಲು ಗ್ಯಾರೇಜಿಗೆ ಹೋದರೆ, ಎಣ್ಣೆ ಮೆತ್ತಿದ ಅಂಗಿಯಲ್ಲಿ ಅವನೇ ನೆಲಕ್ಕೆ ಕೂತು ಚೈನು ಬಿಚ್ಚುತ್ತಿದ್ದ. ಆವತ್ತಿನ ಬುಲೆಟ್ ಗಿರಾಕಿಯದು, ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಲು ಓಡಿಸಿಕೊಂಡು ಬಂದಿದ್ದನಂತೆ. ಅವನೇನೂ ಎತ್ತಿ ಆಡಲಿಲ್ಲ. ಸ್ಕೂಟರಿಗೆ ಮಾತ್ರ ನಿಯತ್ತಾಗಿ ಬಿಲ್ಲು ಹಾಕಿದ. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ.

ಇಷ್ಟರಲ್ಲಿ ನಮ್ಮ ಚಿಕ್ಕಪ್ಪ ನಿಧಿಗೆ ಧರ್ಮಶಾಸ್ತ್ರದ ಬುನಾದಿ ಹಾಕಲು ಹೊರಟರು. ಎಪ್ಪತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಸಂಜೆ ಏಳರ ಮೇಲೆ ಮಾತ್ರ ಸ್ವಲ್ಪ ಬಾಗುತ್ತದೆ. ಬೈಬಲಿನ ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯಕ್ಕೆ ಪ್ರಿಂಟಿಂಗ್ ಪ್ರೆಸ್ಸಿನ ಕ್ಯಾಲೆಂಡರ್ ಹರಿದು ಗುರುತು ಇಟ್ಟುಕೊಂಡು ಬಂದರು. ಮೋಶೆಯ ಕಟ್ಟಳೆಯ ಸಾರಾಂಶ ಇಷ್ಟು: ಬೆಳೆಯಲ್ಲಿ ಹತ್ತನೆಯ ಒಂದು ಪಾಲನ್ನು ಎತ್ತಿಟ್ಟು ದೇವರು ಆರಿಸಿದ ಸ್ಥಳಕ್ಕೆ ಒಯ್ದು ಅಲ್ಲಿ ಅವರ ಮುಂದೆ ಊಟ ಮಾಡಬೇಕು. ದಾರಿ ದೂರವಾಗಿ ಹೊರಲಾಗದಿದ್ದರೆ ಅದನ್ನು ಮಾರಿ, ದುಡ್ಡನ್ನು ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬೇಕೆನಿಸಿದ್ದನ್ನು ಕೊಂಡು ಮನೆಮಂದಿಯೊಡನೆ ಉಂಡು ಸಂತೋಷಪಡಬೇಕು. ಊರಿನ ಲೇವಿಯನನ್ನು, ಅಂದರೆ ಸ್ವಂತ ಪಾಲಿಲ್ಲದ ದೇವಸೇವಕನನ್ನು, ಮರೆಯಬಾರದು.

“ಮನಸ್ಸಿಗೆ ಬೇಕೆನಿಸಿದ್ದು ಅಂದ್ರೆ ಏನೇನು ಅಂತ ಪಟ್ಟೀನೂ ಕೊಟ್ಟಿದಾನೆ, ಓದು,” ಎಂದರು ಚಿಕ್ಕಪ್ಪ. ಓದಿದೆ. ದನ, ಕುರಿ, ದ್ರಾಕ್ಷಾರಸ, ಮದ್ಯ.

“ಕೊನೇದನ್ನ ಇನ್ನೊಂದ್ಸಲ ಓದು.”

ಅವರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಎಂಬ ಬೋಧಕ ಕಟ್ಟಿದ ವರ್ಲ್ಡ್‌ವೈಡ್ ಚರ್ಚ್ ಆಫ್ ಗಾಡ್ ಎಂಬ ಸಭೆ ಈ ಅಧ್ಯಾಯವನ್ನು ಅಕ್ಷರಶಃ ಹಿಡಿದುಕೊಂಡಿತ್ತಂತೆ. ಸಭೆಯವರು ಚರ್ಚಿಗೆ ಕೊಡುವ ದಶಮಾಂಶ ಬೇರೆ, ಪರ್ಣಶಾಲೆಗಳ ಹಬ್ಬಕ್ಕೆ ಹೋಗಿ ಖರ್ಚು ಮಾಡಲು ಉಳಿಸುವ ಎರಡನೆಯ ದಶಮಾಂಶ ಬೇರೆ. ವರ್ಷವೆಲ್ಲ ಹಿಡಿದು ಬದುಕಿ, ಆ ಎಂಟು ದಿನ ದೊರೆಗಳ ಹಾಗೆ ಇದ್ದು ಬರುವುದು. ಉಳಿಸಲಾಗದ ವಿಧವೆಯರಿಗೆ, ಮುದುಕರಿಗೆ ಉಳಿದವರ ದುಡ್ಡಿನಿಂದ ಸಹಾಯ. “ನೋಡು, ಸಭೆಯೇ ನಡೆಸಿದೆ. ನಾವೂ ಹಾಗೇ ಮಾಡೋಣ. ಇದರಲ್ಲಿ ನಾನು ಲೇವಿಯ,” ಎಂದರು ಚಿಕ್ಕಪ್ಪ. ನನ್ನ ಖರ್ಚಿನ ಪುಸ್ತಕದಲ್ಲಿ ಬಾಡಿಗೆ, ಕೋಣೆ, ಊಟ, ಇತರೆ ಎಂದು ನಾಲ್ಕು ಅಂಕಣಗಳಿದ್ದವು. ಅವತ್ತಿನಿಂದ ಚಿಕ್ಕಪ್ಪನ ಕಣ್ಣು ‘ಇತರೆ’ಯ ಮೇಲೆ.

ಸಮಿತಿಯ ಮುಂದಿನ ಸಭೆಯಲ್ಲಿ ನಾನು ವಡೆಯನ್ನು ಚಟ್ನಿಯಿಲ್ಲದೆ ತಿಂದೆ. ಆಡಿಟ್ ಕಚೇರಿಯಿಂದ ನಿವೃತ್ತರಾದ ಸದಸ್ಯರೊಬ್ಬರು ಉಳಿತಾಯದ ಸೂಚನೆ ಮುಂದಿಟ್ಟರು. “ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲೂ ಅದೇ ಆಗಸ್ಟ್ 29ಕ್ಕೇ ಬಾವುಟ, ಅದೇ ಸೆಪ್ಟೆಂಬರ್ 8ಕ್ಕೇ ತೇರು. ಅಲ್ಲೂ ಮಾತೆಗೆ ಸೀರೆ ಉಡಿಸ್ತಾರೆ. ಮಾತೆ ಒಬ್ಬಳೇ ತಾನೆ? ನಾನೂರು ಕಿಲೋಮೀಟರಿಗೂ ಹೆಚ್ಚು ಡೀಸೆಲ್ ಸುಡೋ ಬದಲು ತಲೆಗೊಂದು ಬಿಎಂಟಿಸಿ ಪಾಸು ಕೊಡಿಸಿದ್ರೆ ನಿಧಿಯಲ್ಲಿ ಮುಕ್ಕಾಲು ಪಾಲು ಉಳಿಯುತ್ತೆ. ಹೆಂಗಸರಿಗೆ ಅದೂ ಬೇಡ, ಬಸ್ಸು ಪುಕ್ಕಟೆ.” ಲೆಕ್ಕದಲ್ಲಿ ಒಂದು ತಪ್ಪೂ ಹುಡುಕುವಂತಿರಲಿಲ್ಲ. ಫಾದರ್ ಕೂಡ ಗಡ್ಡ ನೀವಿಕೊಂಡರು. ಆಗ ಬಾಗಿಲ ಹತ್ತಿರ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೂವಿನಜ್ಜಿ, ಸಭೆಗೆ ಸೇರದಿದ್ದರೂ, ಒಳಗೆ ಕೇಳುವಂತೆ ಹೇಳಿದರು: “ತವರುಮನೆಗೆ ಹೋಗಿ ಬರ್ತೀನಿ ಅಂದ್ರೆ, ಗೋಡೆ ಮೇಲೆ ನಿಮ್ಮವ್ವನ ಪಟ ಐತಲ್ಲ ನೋಡ್ಕೊ ಅಂದಂಗಾಯ್ತು.” ಸೂಚನೆ ಬಿದ್ದುಹೋಯಿತು.

ಹೂವಿನಜ್ಜಿ ಚರ್ಚಿನ ಗೇಟಿನಲ್ಲಿ ಕನಕಾಂಬರ, ಮಲ್ಲಿಗೆ ಮಾರುವವರು. ಮೊದಲ ಹೆಸರು ಅವರದ್ದೇ ಇರಬೇಕಿತ್ತು ನಮ್ಮ ಪಟ್ಟಿಯಲ್ಲಿ. ಅರ್ಜಿಯೇ ಬಂದಿರಲಿಲ್ಲ. ಕೇಳುವವರು ಬಂದು ಕೇಳುತ್ತಾರೆ, ಬೇಕಾದವರು ಬರುವುದಿಲ್ಲ ಎಂದು ಫಾದರ್ ಎಚ್ಚರಿಸಿದ್ದರು. ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ಶೀಟು ಹೊದಿಸಿದ ಒಂದೇ ಕೋಣೆ. ಅಜ್ಜಿ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದರು. ದಾರದ ಒಂದು ತುದಿ ಕಾಲ ಹೆಬ್ಬೆರಳಿಗೆ, ಕಣ್ಣು ನನ್ನ ಮೇಲೆ, ಬೆರಳು ತಮ್ಮ ಪಾಡಿಗೆ ಎರಡೆರಡು ಮೊಗ್ಗು ಎತ್ತಿ ಗಂಟು ಹಾಕುತ್ತಿದ್ದವು. ವಿಷಯ ಹೇಳಿದೆ.

“ಹರಕೆ ಯಾರ್ದು?” ಎಂದರು.

“ನಿಮ್ಮದು.”

“ದುಡ್ಡು?”

“ನಿಧೀದು.”

“ಹಂಗಾದ್ರೆ ನಾನು ಹೋಗಿ ಬಂದದ್ದು ಮಾತೆ ಹತ್ರ ಯಾರ ಖಾತೆಗೆ ಬೀಳ್ತದೆ? ನಂದಕ್ಕಾ, ಕಮಿಟಿದಕ್ಕಾ? ನೀನು ಬ್ಯಾಂಕ್‌ನಾಗಿದ್ದೋನು, ಹೇಳು.”

ಬ್ಯಾಂಕಲ್ಲ, ಅಂಚೆ ಎಂದೆ. ಅದರಿಂದ ಪ್ರಶ್ನೆ ಸುಲಭವಾಗಲಿಲ್ಲ. ಅಜ್ಜಿಯ ಪಕ್ಕದ ಮನೆಯವರು ಶ್ರಾವಣ ಶನಿವಾರ ನಾಮ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗಿ ಆ ದುಡ್ಡಿನಲ್ಲಿ ತಿರುಪತಿಗೆ ಹೋಗಿ ಬರುತ್ತಾರೆ. ವೇಳಾಂಗಣಿಗೂ ಹಾಗೆ ಬೇಡಿ ಹೋಗುವವರುಂಟು. ಅದನ್ನು ನೆನಪಿಸಿದೆ. “ಬೇರೆಯವರ ದುಡ್ಡಲ್ಲೂ ಹರಕೆ ತೀರುತ್ತಲ್ಲ ಅಜ್ಜಿ?”

ಅಜ್ಜಿ ಕತ್ತರಿಯಿಂದ ದಾರ ಕತ್ತರಿಸಿದರು. “ಭಿಕ್ಷೆ ಬ್ಯಾರೆ ಕಣಪ್ಪ. ನಾಕು ಜನದ ಮುಂದೆ ಸೆರಗೊಡ್ಡಿ ಬೇಡೋಳು ನಾನು, ಅದು ನನ್ನ ಹರಕೆಯಾಗೆ ಸೇರ್ತದೆ. ನೀನು ಕೊಡೋದು ಸಹಾಯ. ಸಹಾಯ ತಗೊಂಡ್ರೆ ವರ್ಸೆಲ್ಲ ನಿನ್ನ ಕಂಡಾಗ್ಲೆಲ್ಲ ನಗ್ಬೇಕು. ನಂಗೆ ಹಲ್ಲಿಲ್ಲ.”

ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಕೊಟ್ಟರು. ಹೊರಡುವಾಗ ಒಂದು ಮೊಳ ಕನಕಾಂಬರ ಕೊಟ್ಟು, “ಮನೆಯಾಗೆ ಕೊಡು, ದುಡ್ಡು ಬ್ಯಾಡ,” ಎಂದರು. ಸಹಾಯ ಮಾಡಲು ಹೋದವನು ಸಹಾಯ ತೆಗೆದುಕೊಂಡು ಬಂದೆ. ಈಗ ಅವರನ್ನು ಕಂಡಾಗಲೆಲ್ಲ ನಾನು ನಗಬೇಕು.

ಆ ರಾತ್ರಿ ನನಗೆ ಫಾರಂ ಮೇಲಿದ್ದ ನಂಬಿಕೆ ಕುಸಿಯಿತು. ಬುಲೆಟ್ಟಿನ ಹುಡುಗ ಒಂದು ಕಡೆ, ಅಜ್ಜಿ ಒಂದು ಕಡೆ. ಮಾರನೆಯ ದಿನ ನಮ್ಮ ಚರ್ಚಿನ ವಿನ್ಸೆಂಟ್ ಡಿ ಪಾಲ್ ಸಭೆಯ ಹಿರಿಯರೊಬ್ಬರ ಮುಂದೆ ಗೋಳು ತೋಡಿಕೊಂಡೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ಹುಡುಗ ಗೆಳೆಯರೊಡನೆ ಶುರು ಮಾಡಿದ ಸಭೆ ಅದು. ಅವರಲ್ಲಿ ಒಂದು ಪದ್ಧತಿ ಇದೆ, ಗುಟ್ಟಿನ ಚೀಲ. ಸಭೆಯ ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಒಳಗಿಟ್ಟು ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ದೇವರಿಗೇ ಗೊತ್ತು. “ನಲವತ್ತು ವರ್ಷದಿಂದ ಹಾಕ್ತಿದೀನಿ. ಎರಡು ಸಲ ನಾನೂ ಬರೀ ಮುಷ್ಟಿನೇ ಹಾಕಿದ್ದುಂಟು,” ಎಂದರು ಹಿರಿಯರು.

ನನಗೆ ಬೆಳಕು ಹತ್ತಿತು. ಫಾರಂಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಭಾನುವಾರ ಪೂಜೆಯ ಕೊನೆಗೆ ಪ್ರಕಟಣೆ ಮಾಡಿಸಿದೆ. ವೇಳಾಂಗಣಿಗೆ ಬರುವವರು ಹೆಸರು ಕೊಡಬೇಕು. ಬಸ್ಸು, ಕೋಣೆ, ಊಟ ಸೇರಿ ಒಬ್ಬರಿಗೆ ತಗಲುವುದು 2,000 ರೂಪಾಯಿ. ಪ್ರತಿಯೊಬ್ಬರಿಗೂ ಒಂದು ಕಂದು ಲಕೋಟೆ ಕೊಡಲಾಗುವುದು. ಅದರಲ್ಲಿ ಕೈಲಾದಷ್ಟು ಇಟ್ಟು, ಹೆಸರು ಬರೆಯದೆ, ಅಂಟಿಸಿ ಪೆಟ್ಟಿಗೆಗೆ ಹಾಕಬೇಕು. ಆಗದಿದ್ದವರು ಖಾಲಿ ಲಕೋಟೆ ಅಂಟಿಸಿ ಹಾಕಲಿ. ಹೆಚ್ಚಿದ್ದವರು ಹೆಚ್ಚು ಹಾಕಲಿ. ಯಾರು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆಡಿಟ್ ಕಚೇರಿಯವರು, “ಇದು ನಿಧಿ ನಡೆಸೋ ರೀತಿಯಲ್ಲ, ಜೂಜು,” ಎಂದರು. ಅಜ್ಜಿ ಗೇಟಿನಲ್ಲಿ ನನ್ನನ್ನು ತಡೆದು, “ಒಂದು ಕವರ್ ಕೊಡು. ಇದು ಸಹಾಯ ಅಲ್ಲ ತಾನೆ?” ಎಂದರು. ಅಲ್ಲ ಎಂದೆ. ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ನಲವತ್ತಾರು ಹೆಸರು ಬಂದಿದ್ದವು. ಪೆಟ್ಟಿಗೆ ತೆರೆದ ರಾತ್ರಿ ಊಟದ ಮೇಜಿನ ಮೇಲೆ ಸುರಿದು ಎಣಿಸಲು ಕೂತೆವು, ನಾನೂ ನನ್ನವಳೂ. ಲಕೋಟೆ ನಲವತ್ತೇಳು ಇದ್ದವು. ಯಾರಾದರೂ ಎರಡು ಹಾಕಿರಬಹುದು ಎಂದುಕೊಂಡೆ. ಒಂದೊಂದು ಲಕೋಟೆಯೂ ಒಂದೊಂದು ಸಂಸಾರ. ಒಂದರಲ್ಲಿ ಹತ್ತರ ನೋಟುಗಳು, ಇಸ್ತ್ರಿ ಮಾಡಿದಷ್ಟು ನೀಟಾಗಿ. ಒಂದರಲ್ಲಿ 5,000. ಏಳು ಖಾಲಿ. ಒಂದರಲ್ಲಿ ಅಂಗಿಯ ಗುಂಡಿ. ಖಾಲಿ ಎಂದು ತಿಳಿಯಬಾರದೆಂಬ ಜಾಣತನ ಇರಬೇಕು. ಒಂದರಲ್ಲಿ ಹಳೆಯ 500ರ ನೋಟು, 2016ರ ನವೆಂಬರ್ 8ರ ರಾತ್ರಿಯೇ ಪ್ರಾಣ ಬಿಟ್ಟದ್ದು. ಅದನ್ನು ಪುಸ್ತಕಕ್ಕೆ ಹೇಗೆ ತೆಗೆದುಕೊಳ್ಳುವುದೆಂದು ಬಹಳ ಹೊತ್ತು ಯೋಚಿಸಿ, ಜಮಾ ಕಡೆಯಲ್ಲಿ ‘ಒಂದು ನೋಟು’ ಎಂದು ಬರೆದು ಮೊತ್ತದ ಜಾಗ ಖಾಲಿ ಬಿಟ್ಟೆ.

“ಆ ಐದು ಸಾವಿರ ಯಾರಿರಬಹುದು? ಮೂಲೆಮನೆ ಕಂಟ್ರಾಕ್ಟರ್ ಅಲ್ವಾ?” ಎಂದೆ.

“ಊಹೆ ಮಾಡಬಾರದು ಅಂತ ನೀವೇ ಮಾಡಿದ ನಿಯಮ,” ಎಂದಳು.

ಕೊನೆಯದಾಗಿ ಉಳಿದದ್ದು ಒಂದು ದಪ್ಪ ಲಕೋಟೆ. ಹರಿದೆ. ನೂರರ ನೋಟು ಇಪ್ಪತ್ತು, ಸುರುಳಿ ಸುತ್ತಿ ರಬ್ಬರ್ ಬ್ಯಾಂಡು ಹಾಕಿದ್ದು. ಬ್ಯಾಂಡು ತೆಗೆದರೆ ನೋಟು ಬಿಚ್ಚಿಕೊಂಡು ಮೇಜಿನ ಮೇಲೆ ನಾಲ್ಕೈದು ಸಾಸಿವೆ ಕಾಳು ಉದುರಿದವು. ಮೂಸಿ ನೋಡಿದೆ. ಮೂವತ್ತು ವರ್ಷದಿಂದ ಒಲೆಯ ಎಡಗಡೆ ಎರಡನೆಯ ಹಲಗೆಯ ಮೇಲೆ ಕೂತಿರುವ ಡಬ್ಬಿಯ ವಾಸನೆ. ತಲೆ ಎತ್ತಿದೆ. ಅವಳು ಖಾಲಿ ಲಕೋಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು, ಬಹಳ ಗಮನವಿಟ್ಟು.

ಪ್ರತಿ ವರ್ಷ ಸಮಿತಿಯವನೆಂದು ನಾನು ವೇಳಾಂಗಣಿಗೆ ಹೋಗಿ ಬಂದಿದ್ದೆ. ಮನೆಯಲ್ಲಿ ನಾಯಿ ಇತ್ತು, ನಾಯಿ ಸತ್ತ ಮೇಲೆ ಮೊಮ್ಮಗುವಿತ್ತು, ಮೊಮ್ಮಗು ದೂರದೂರಿಗೆ ಹೋದ ಮೇಲೆ ಏನಿತ್ತೋ ನೆನಪಾಗಲಿಲ್ಲ. ಇವಳು ಬರುತ್ತಾಳೋ ಎಂದು ಕೇಳಿದ್ದೂ ನೆನಪಾಗಲಿಲ್ಲ. ಪಟ್ಟಿಯ ಕೆಳಗೆ ನಲವತ್ತೇಳನೆಯ ಹೆಸರು ಬರೆದೆ. ಅವಳು ಎದ್ದುಬಂದು ಸಾಸಿವೆ ಕಾಳುಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಒಳಗೆ ಹೋದಳು. ಡಬ್ಬಿಯ ಮುಚ್ಚಳದ ಸದ್ದು ಕೇಳಿತು.

ಕೂಡಿದರೆ 61,340 ಆಗಿತ್ತು. ಬೇಕಾದದ್ದು 94,000. ಕೊರತೆ ಬಿದ್ದ 32,660 ನಿಧಿಯಿಂದ. ಹಿಂದಿನ ವರ್ಷ ಆದಾಯ ಕೇಳಿ, ಇಷ್ಟೇ ಜನಕ್ಕೆ ನಿಧಿಯಿಂದ ಹೋದದ್ದು 40,000 ಮೀರಿತ್ತು. ಆಡಿಟ್ ಕಚೇರಿಯವರು ಈ ಅಂಕಿಯನ್ನು ಎರಡು ಸಲ ತಾಳೆ ನೋಡಿ, ಕನ್ನಡಕ ಒರೆಸಿ, ಏನೂ ಅನ್ನಲಿಲ್ಲ.

ಬಸ್ಸು ಹೊರಟಿತು. ಹೊಸೂರು, ಕೃಷ್ಣಗಿರಿ, ಸೇಲಂ, ತಿರುಚ್ಚಿ, ತಂಜಾವೂರು. ಜಪಸರ, ಪುಳಿಯೋಗರೆ, ವಾಂತಿ, ಮತ್ತೆ ಜಪಸರ. ಬುಲೆಟ್ಟಿನ ಹುಡುಗನೂ ಹೆಂಡತಿ ಮಗುವಿನೊಡನೆ ಬಂದಿದ್ದ. ಬಸ್ಸಿನ ಬೆಲ್ಟು ಸಡಿಲಾದಾಗ ಕೆಳಗಿಳಿದು ಡ್ರೈವರಿಗಿಂತ ಮೊದಲು ಅವನೇ ಸರಿಮಾಡಿದ. ಅಲ್ಲಿಯ ದರ್ಶನದ ವಿಷಯ ನಾನು ಬರೆಯುವುದಿಲ್ಲ. ಹೋದವರಿಗೆ ಗೊತ್ತು, ಹೋಗದವರಿಗೆ ಹೇಳಿ ತಿಳಿಸುವಂಥದ್ದಲ್ಲ. ಅಜ್ಜಿ ಮರಳಿನ ಮೇಲೆ ಮಂಡಿಯೂರಿ ಸಾಗಿದರು. ನನ್ನವಳು ಅವರ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಡೆದವಳು, ಅರ್ಧ ದಾರಿಯಲ್ಲಿ ಬಾಟಲಿ ನನ್ನ ಕೈಗೆ ಕೊಟ್ಟು ತಾನೂ ಮಂಡಿಯೂರಿದಳು. ಯಾವ ಹರಕೆ, ಯಾರಿಗಾಗಿ ಎಂದು ನಾನು ಇಂದಿಗೂ ಕೇಳಿಲ್ಲ.

ಯಾತ್ರೆಯಲ್ಲಿ ನನಗೆ ಜೀವಭಯವಿರುವುದು ಒಂದೇ ವಿಷಯಕ್ಕೆ, ತಲೆ ಎಣಿಕೆ. ಇದಕ್ಕೆ ಲೂಕನ ಸುವಾರ್ತೆಯೇ ಕಾರಣ. ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿದ್ದ ಮರಿಯಳೂ ಜೋಸೆಫರೂ ಹನ್ನೆರಡು ವರ್ಷದ ಮಗ ಗುಂಪಿನಲ್ಲೆಲ್ಲೋ ಇದ್ದಾನೆಂದುಕೊಂಡು ಒಂದು ದಿನದ ದಾರಿ ನಡೆದುಬಿಟ್ಟರು. ಹುಡುಕಿಕೊಂಡು ಹಿಂದಿರುಗಿ ಮೂರು ದಿನದ ಮೇಲೆ ದೇವಾಲಯದಲ್ಲಿ ಕಂಡರು. ಆ ಯಾತ್ರೆಗೆ ಒಬ್ಬ ಖಜಾಂಚಿ ಇದ್ದಿದ್ದರೆ ಹೀಗಾಗುತ್ತಿತ್ತೇ? ಎಣಿಸುವವನ ಕಷ್ಟವೂ ನನಗೆ ಗೊತ್ತು. ಇದೇ ತಮಿಳು ನಾಡಿನಲ್ಲಿ ಮುನ್ನೂರು ವರ್ಷದ ಹಿಂದೆ ಬೆಸ್ಕಿ ಎಂಬ ಇಟಲಿಯ ಪಾದ್ರಿ ಇದ್ದರು, ವೀರಮಾಮುನಿವರ್ ಎಂದು ತಮಿಳರು ಕೊಂಡಾಡುವವರು. ಹೊಳೆ ದಾಟಿದ ಗುರು ಪರಮಾರ್ಥನ ಐದು ಜನ ಶಿಷ್ಯರು ತಮ್ಮನ್ನು ಬಿಟ್ಟು ಉಳಿದವರನ್ನು ಎಣಿಸಿ, ಒಬ್ಬ ಕೊಚ್ಚಿಹೋದನೆಂದು ಗೋಳಾಡುವ ಕತೆಯನ್ನು ಬರೆದವರು ಅವರೇ. ಅದನ್ನು ಓದಿರುವುದರಿಂದ ನಾನು ಮೊದಲು ನನ್ನ ಎದೆ ಮುಟ್ಟಿಕೊಂಡು ‘ಒಂದು’ ಎಂದು ಶುರು ಮಾಡುತ್ತೇನೆ.

ಹಿಂದಿರುಗುವ ರಾತ್ರಿ ವೇಳಾಂಗಣಿಯ ಬಸ್ಸು ನಿಲ್ಲಿಸುವ ಬಯಲಿನಲ್ಲಿ ಎದೆ ಮುಟ್ಟಿಕೊಂಡೆ, ಎಣಿಸಿದೆ. ನಲವತ್ತೇಳು. ರೈಟ್ ಎಂದೆ. ಬಸ್ಸು ಹೊರಟಿತು. ಬೆಳಗಿನ ಜಾವ ನಾಮಕ್ಕಲ್ ದಾಟಿ ಒಂದು ಚಹಾದಂಗಡಿಯ ಮುಂದೆ ನಿಂತಿತು. ಎಲ್ಲರೂ ಇಳಿದು, ಕುಡಿದು, ಹತ್ತಿದರು. ಎಣಿಸಿದೆ. ನಲವತ್ತೆಂಟು.

ಮತ್ತೆ ಎಣಿಸಿದೆ. ನಲವತ್ತೆಂಟೇ. ಗುರು ಪರಮಾರ್ಥನ ಶಿಷ್ಯರಿಗೆ ಒಬ್ಬ ಕಡಿಮೆ ಬಂದಿತ್ತು, ಜೋಸೆಫರಿಗೂ ಒಬ್ಬ ಕಡಿಮೆ ಬಂದಿತ್ತು. ಹೆಚ್ಚು ಬಂದರೆ ಏನು ಮಾಡಬೇಕೆಂದು ಯಾವ ಗ್ರಂಥದಲ್ಲೂ ಬರೆದಿಲ್ಲ. ಸೀಟಿನಿಂದ ಸೀಟಿಗೆ ಟಾರ್ಚು ಹಾಕುತ್ತ ಹೋದೆ. ಅಜ್ಜಿಯ ಪಕ್ಕದಲ್ಲಿ ಕಾವಿ ಸೀರೆಯ, ಹೊಸದಾಗಿ ಮುಡಿ ಕೊಟ್ಟ ತಲೆಗೆ ಚಂದನ ಹಚ್ಚಿಕೊಂಡ ಹೆಂಗಸೊಬ್ಬರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು.

“ಅಜ್ಜೀ, ಇವರು ಯಾರು?”

“ಕೃಷ್ಣಗಿರಿಯೋರು. ಇವರ ಬಸ್ಸು ಬಿಟ್ಟು ಹೊಂಟೋಗಿತ್ತು. ಒಬ್ರೇ ಕೂತು ಅಳ್ತಿದ್ರು. ಹೆಂಗೂ ದಾರಿಯಾಗೇ ತಾನೆ? ನಮ್ಮ ಬಸ್ಸಾಗೆ ಬಾ, ನಮ್ಮತ್ರ ನಿಧಿ ಐತೆ, ಯಾರು ಹಾಕಿದ್ರು ಯಾರು ತಗೊಂಡ್ರು ಅಂತ ಯಾರೂ ಕೇಳಂಗಿಲ್ಲ ಅಂದೆ. ನೀನೇ ಹೇಳಿದ್ದಲ್ಲ?”

“ಆದರೆ ರಾತ್ರಿ ಎಣಿಸಿದಾಗ ನಲವತ್ತೇಳೇ ಇತ್ತಲ್ಲ!”

ಹಿಂದಿನ ಸೀಟಿನಿಂದ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಚಿಕ್ಕಪ್ಪ. ನಾನು ಎಣಿಸುವಾಗ ಅವರು ಬಸ್ಸಿನಲ್ಲೇ ಇರಲಿಲ್ಲವಂತೆ. ಧರ್ಮೋಪದೇಶಕಾಂಡದ ಕೆಲಸದ ಮೇಲೆ ಹೋಗಿದ್ದವರು ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂದಿನ ಬಾಗಿಲಿನಿಂದ ಹತ್ತಿಕೊಂಡಿದ್ದರು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿ ಲೆಕ್ಕ ಸರಿತೋರಿಸುವುದನ್ನು ಅಂಚೆ ಕಚೇರಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆ ತಪ್ಪುಗಳಿಗೆ ಕೈಕಾಲು ಬಂದು, ಒಂದಕ್ಕೆ ಮೀಸೆಯೂ ಇನ್ನೊಂದಕ್ಕೆ ಚಂದನದ ತಲೆಯೂ ಇದ್ದದ್ದನ್ನು ಕಂಡದ್ದು ಅದೇ ಮೊದಲು. ಆ ಹೆಂಗಸು ಒಬ್ಬರೇ ಕೂತು ಅಳದೆ ಇದ್ದಿದ್ದರೆ ನಾನು ಚಿಕ್ಕಪ್ಪನನ್ನು ಅರ್ಧ ರಾತ್ರಿಯವರೆಗೆ ಆ ಬಯಲಲ್ಲಿ ಹುಡುಕಬೇಕಿತ್ತು.

ಆಕೆ ಸೆರಗಿನ ಗಂಟು ಬಿಚ್ಚುತ್ತ ತಮಿಳಿನಲ್ಲಿ ಎಷ್ಟು ಕೊಡಬೇಕೆಂದು ಕೇಳಿದರು. ಅಜ್ಜಿ ಅವರ ಕೈ ಮೇಲೆ ಕೈಯಿಟ್ಟು ಗಂಟನ್ನು ಮತ್ತೆ ಕಟ್ಟಿಸಿದರು. ನಾನು ಡ್ರೈವರಿನ ಹಿಂದೆ ಕೂತು ಪುಸ್ತಕ ತೆಗೆದೆ.

“ಯಾವ ಅಂಕಣಕ್ಕೆ ಹಾಕ್ತೀರಿ?” ನನ್ನವಳು ಕೇಳಿದಳು.

“ಇತರೆ,” ಎಂದರು ಚಿಕ್ಕಪ್ಪ ಹಿಂದಿನಿಂದ.

‘ಇತರೆ, ಒಬ್ಬರು, ಕೃಷ್ಣಗಿರಿವರೆಗೆ’ ಎಂದು ಬರೆದೆ. ಮೊತ್ತ ಎಷ್ಟು? ಬಸ್ಸಿನ ಬಾಡಿಗೆ ನಲವತ್ತೇಳಕ್ಕೂ ಅಷ್ಟೇ, ನಲವತ್ತೆಂಟಕ್ಕೂ ಅಷ್ಟೇ. ಸೊನ್ನೆ ಹಾಕಿದೆ. ಪೆನ್ನಿನ ಮುಚ್ಚಳ ಹಾಕಿದ ಮೇಲೆ ನೆನಪಾಯಿತು, ಚಹಾದಂಗಡಿಯವನು ನಲವತ್ತೆಂಟಕ್ಕೇ ಲೆಕ್ಕ ಹಾಕಿ ದುಡ್ಡು ಇಸಿದುಕೊಂಡಿದ್ದ. ನಾನೇ ಸರಿಯಾಗಿ ನೋಡಿರಲಿಲ್ಲ. ಸೊನ್ನೆ ಹೊಡೆದುಹಾಕಿ 12 ರೂಪಾಯಿ ಎಂದು ಬರೆದು ಪಕ್ಕದಲ್ಲಿ ಸಣ್ಣ ರುಜು ಹಾಕಿದೆ.